ಮಳೆಯ ಲೆಕ್ಕವೂ ಓದಿನ ಲೆಕ್ಕವೂ

ಜನರಲ್ಲಿ ವಾಚನಾಭಿರುಚಿಯು ದಿನೇ ದಿನೇ ಕ್ಷೀಣಿಸುತ್ತಿರುವುದೆಂಬ ದೂರು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಸಮ್ಮೇಳನದ ಅಧ್ಯಕ್ಷರು ಇದನ್ನೇ ಹೇಳುವರು. ಪುಸ್ತಕ ಬಿಡುಗಡೆಗೆ ಬಂದ ಅತಿಥಿಗಳು ಇದನ್ನೇ ಹೇಳುವರು. ಮಕ್ಕಳನ್ನು ಗದರಿಸುವ ತಂದೆತಾಯಿಗಳೂ ಇದನ್ನೇ ಹೇಳುವರು. ಸ್ವಲ್ಪ ನಿಧಾನಿಸಿ ವಿಚಾರಿಸಿದಲ್ಲಿ ಈ ದೂರು ಅರ್ಧಸತ್ಯವೆಂದು ತೋರದಿರದು. ಹಿಂದಿನ ಕಾಲಕ್ಕಿಂತ ಇಂದು ಅಕ್ಷರ ಬಲ್ಲವರು ಹೆಚ್ಚು. ಬೆಳಗಿನಿಂದ ರಾತ್ರಿಯ ಪರ್ಯಂತ ಅವರ ಕಣ್ಣ ಮುಂದೆ ಹಾದುಹೋಗುವ ಅಕ್ಷರಗಳೂ ಹೆಚ್ಚು. ವೃತ್ತಪತ್ರಿಕೆ, ವಾರಪತ್ರಿಕೆ, ಕಾದಂಬರಿ, ಅಂಗೈಯಲ್ಲಿ ಹಿಡಿದ ಮೊಬೈಲು ಫೋನಿನಲ್ಲಿ ಗಳಿಗೆಗೊಂದರಂತೆ ಬಂದಿಳಿಯುವ ಬರಹ, ಇವೆಲ್ಲವನ್ನೂ ಕೂಡಿಸಿ ನೋಡಿದರೆ ಓದಿನ ಮೊತ್ತವು ಅಲ್ಪವೆಂದು ಯಾರೂ ಹೇಳಲಾರರು. ಹೀಗಿರುವಲ್ಲಿ ಕ್ಷೀಣಿಸಿರುವುದು ಯಾವುದು? ಓದಿದುದಕ್ಕೆ ಲೆಕ್ಕವಿಡುವ ಅಭ್ಯಾಸವೇ ಕ್ಷೀಣಿಸಿರುವುದು. ಆದಾಯಕ್ಕೆ ಲೆಕ್ಕವಿಡದ ಮನೆಯಲ್ಲಿ ಹಣವು ನಿಲ್ಲದಿರುವಂತೆ, ಓದಿಗೆ ಲೆಕ್ಕವಿಡದ ಮನೆಯಲ್ಲಿ ವಿದ್ಯೆಯು ನಿಲ್ಲದೆ ಹೋಗುತ್ತಿದೆ.

ಈ ಮಾತನ್ನು ಬೇರೆ ಯಾವ ಸೀಮೆಯವರಿಗಿಂತಲೂ ಹಾಸನ ಜಿಲ್ಲೆಯ ಪಶ್ಚಿಮದ ಗುಡ್ಡಗಾಡಿನವರಿಗೆ ಹೇಳುವುದು ಸುಲಭ. ಏಕೆಂದರೆ ಲೆಕ್ಕವಿಡುವುದೆಂದರೇನೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಕಲೇಶಪುರದ ಹೆತ್ತೂರು, ಯಸಳೂರು, ಹಾನಬಾಳು ಹೋಬಳಿಗಳಲ್ಲಿಯೂ, ಆಲೂರಿನ ಪಾಳ್ಯ, ಕೆಂಚಮ್ಮನ ಹೊಸಕೋಟೆಯ ಕಡೆಗಳಲ್ಲಿಯೂ ಇರುವ ಕಾಫಿ ತೋಟದ ಮನೆಗಳ ಅಂಗಳದಲ್ಲಿ ಮಳೆಯನ್ನಳೆಯುವ ಪಾತ್ರೆಯೊಂದು ನಿಂತಿರುವುದನ್ನು ಎಲ್ಲರೂ ಬಲ್ಲರು. ಮನೆಯ ಯಜಮಾನನು ಬೆಳಗ್ಗೆ ಎದ್ದು ಆ ಪಾತ್ರೆಯ ನೀರನ್ನಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ತಾರೀಖಿನ ಎದುರಿಗೆ ಬರೆಯುವನು. ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟೆಂದು ಹೆಸರು. ಅಂಥ ಸೂಕ್ಷ್ಮವನ್ನೂ ಅವನು ಬಿಡುವುದಿಲ್ಲ. ಮಾರ್ಚಿ ಏಪ್ರಿಲಿನ ಹೂಮಳೆ ಎಂದು ಬಿದ್ದಿತು, ಅದಾದ ಎಷ್ಟು ದಿವಸಕ್ಕೆ ಗಿಡವು ಬೆಳ್ಳಗೆ ಅರಳಿತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬಂದಿತೋ ಕೈಕೊಟ್ಟಿತೋ, ಇವೆಲ್ಲವೂ ಆ ಪುಸ್ತಕದಲ್ಲಿ ಸಿಕ್ಕುವುವು. ನೆರೆಮನೆಯವನು ಬಂದು ನಿನ್ನೆ ಮಳೆ ಜೋರೆಂದು ಹೇಳಿದರೆ ಯಾರಿಗೂ ತೃಪ್ತಿಯಿಲ್ಲ. ಎಷ್ಟು ಸೆಂಟೆಂದು ಕೇಳುವರು.

ಇಷ್ಟು ಜಾಗರೂಕತೆ ಏತಕ್ಕೆ? ಕಣ್ಣಾರೆ ಕಂಡ ಮಳೆಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಲದೆ? ಸಾಲದೆಂಬುದು ಬೆಳೆಗಾರನಿಗೆ ಗೊತ್ತು. ನೆನಪು ಉಪಕಾರಿಯಾದರೂ ಪಕ್ಷಪಾತಿ. ಬಾಲ್ಯದ ಮಳೆಯನ್ನು ಅದು ದೊಡ್ಡದು ಮಾಡುವುದು. ನಷ್ಟದ ವರ್ಷದ ಮಳೆಯನ್ನು ಇನ್ನೂ ದೊಡ್ಡದು ಮಾಡುವುದು. ನಡುವಿನ ಸಾಧಾರಣ ವರ್ಷಗಳನ್ನು ಅಳಿಸಿಯೇ ಬಿಡುವುದು. ೨೦೧೮ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು, ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಣ ರೈಲುಮಾರ್ಗವೂ ಹೆದ್ದಾರಿಯೂ ನಿಂತಾಗ, ಇಂಥ ಮಳೆ ಹಿಂದೆಂದಾದರೂ ಬಂದುದುಂಟೆ ಎಂಬ ಚರ್ಚೆ ಏಳುವುದು ಸಹಜವೇ ಆಗಿತ್ತು. ಇಂಥ ಚರ್ಚೆಯಲ್ಲಿ ಹಳೆಯ ಪುಸ್ತಕ ತೆರೆದು ತೋರಿಸಬಲ್ಲವನ ಮಾತಿಗೆ ತೂಕವುಂಟು. ಉಳಿದವರದು ಬರಿಯ ಉದ್ಗಾರ. ಆಲೂರಿನ ಪೂರ್ವದ ಅಂಚಿನಲ್ಲಿ ಬೀಳುವ ಮಳೆಗೂ ಬಿಸಿಲೆಯ ಕಾಡಿನಂಚಿನಲ್ಲಿ ಬೀಳುವ ಮಳೆಗೂ ಅಜಗಜಾಂತರವಿರುವುದರಿಂದ, ಜಿಲ್ಲೆಯ ಮಳೆಯೆಂಬ ಒಂದು ಒಟ್ಟು ಅಂಕಿಯಿಂದ ಯಾವ ತೋಟಕ್ಕೂ ಪ್ರಯೋಜನವಿಲ್ಲ. ಪ್ರತಿಯೊಂದು ಮನೆಯೂ ತನ್ನ ಪುಸ್ತಕವನ್ನು ತಾನೇ ಬರೆಯಬೇಕು.

ಈಗ ಇದೇ ಮನೆಯ ಒಳಗೆ ಹೋಗಿ ನೋಡತಕ್ಕುದು. ಜಗಲಿಯ ಮೇಲೆ ಪತ್ರಿಕೆಗಳಿವೆ, ಕಪಾಟಿನಲ್ಲಿ ಪುಸ್ತಕಗಳಿವೆ, ವರ್ಷದ ನಾಲ್ಕು ತಿಂಗಳು ಮಳೆಯಿಂದ ಹೊರಗೆ ಕಾಲಿಡಲಾಗದೆ ಓದುವುದಕ್ಕೆ ಬೇಕಾದಷ್ಟು ಅವಕಾಶವಿದೆ. ಓದಿನ ಲೆಕ್ಕದ ಪುಸ್ತಕ ಎಲ್ಲಿ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಹೋದ ಶ್ರಾವಣದಲ್ಲಿ ಓದಿದ ಗ್ರಂಥವಾವುದು, ಅದರಲ್ಲಿ ಒಪ್ಪಿದುದೇನು, ಒಪ್ಪದುದೇನು, ಅದು ಹೇಳದೆ ಬಿಟ್ಟುದೇನು ಎಂದು ಕೇಳಿದರೆ, ‘ಚೆನ್ನಾಗಿತ್ತು’ ಎಂಬೊಂದು ಮಾತು ಬರುವುದು. ‘ಮಳೆ ಜೋರು’ ಎಂಬ ಮಾತಿಗೂ ಇದಕ್ಕೂ ಭೇದವೇನು? ಆಕಾಶದಿಂದ ಬಿದ್ದುದಕ್ಕೆ ಸೆಂಟಿನ ಲೆಕ್ಕ ಕೇಳುವವರು ಬುದ್ಧಿಯ ಮೇಲೆ ಬಿದ್ದುದಕ್ಕೆ ಯಾವ ಲೆಕ್ಕವನ್ನೂ ಕೇಳದಿರುವುದು ವಿಚಿತ್ರವಲ್ಲವೆ? ಈ ವೈಪರೀತ್ಯವನ್ನು ಸಮರ್ಥಿಸುವವರು ನಾಲ್ಕು ಪಕ್ಷಗಳಾಗಿ ನಿಲ್ಲುವರು. ಒಂದೊಂದನ್ನೂ ಪರೀಕ್ಷಿಸುವುದು ಯುಕ್ತ.

ಮೊದಲನೆಯದು ಪ್ರಾಚೀನ ಸಂಪ್ರದಾಯದವರ ಪಕ್ಷ. ವಿದ್ಯೆಯು ಕಂಠದಲ್ಲಿರಬೇಕು, ಪುಸ್ತಕದಲ್ಲಿರುವ ವಿದ್ಯೆಯು ಪರರ ಕೈಸೇರಿದ ಹಣದಂತೆ ಸಮಯಕ್ಕೆ ಒದಗದು, ಆದಕಾರಣ ಬರೆದಿಡುವುದು ದುರ್ಬಲ ಸ್ಮೃತಿಯವರ ಲಕ್ಷಣ, ಎಂಬುದು ಇವರ ವಾದ. ಈ ವಾದದಲ್ಲಿ ಗೌರವಾರ್ಹವಾದ ಅಂಶವುಂಟು. ಅಕ್ಷರ ಸ್ವರಗಳು ಚ್ಯುತಿಯಿಲ್ಲದೆ ಉಳಿಯಬೇಕಾದ ವಾಕ್ಯಗಳನ್ನು ಕಂಠವೇ ಕಾಪಾಡಿಕೊಂಡು ಬಂದಿದೆ. ಆದರೆ ಅದು ಕಾಪಾಡಿದ ಬಗೆಯನ್ನು ಈ ಪಕ್ಷದವರು ಮರೆಯುವರು. ವೇದಾಧ್ಯಾಯಿಯು ಸಂಹಿತೆಯನ್ನು ಕಲಿತ ಬಳಿಕ ಪದಪಾಠದಲ್ಲಿ ಅದನ್ನು ಬಿಡಿಸುವನು. ಕ್ರಮಪಾಠದಲ್ಲಿ ಎರಡೆರಡಾಗಿ ಹೆಣೆಯುವನು. ಜಟೆಯಲ್ಲಿ ಹಿಂದುಮುಂದು ಮಾಡುವನು. ಘನದಲ್ಲಿ ಮತ್ತೂ ಸುತ್ತಿ ಬರುವನು. ಕೇಳಿದುದನ್ನು ಕೇಳಿದಂತೆಯೇ ಇಟ್ಟುಕೊಂಡು ಸುಮ್ಮನಿರುವುದನ್ನು ಅಧ್ಯಯನವೆಂದು ಅಲ್ಲಿ ಯಾರೂ ಕರೆಯಲಿಲ್ಲ. ಬುದ್ಧಿಯು ಪಾಠದ ಮೇಲೆ ಏನಾದರೊಂದು ಕೆಲಸ ಮಾಡಲೇಬೇಕಾಗಿತ್ತು. ಗದ್ಯವನ್ನು ಓದುವವನಿಗೆ ಆ ಬಗೆಯ ಕೆಲಸ ಯಾವುದೆಂದರೆ, ಓದಿದುದನ್ನು ತನ್ನ ಮಾತಿನಲ್ಲಿ ಸಂಗ್ರಹಿಸಿ ಬರೆಯುವುದೇ. ಮೇಲಾಗಿ, ಘನಪಾಠಿಗಳ ಶ್ರಮವನ್ನು ಹೊಗಳುವ ಈ ಮಹನೀಯರಲ್ಲಿ ತಾವು ಓದಿದ ನಿಬಂಧವೊಂದನ್ನು ಕಂಠಸ್ಥ ಮಾಡಿದವರು ಎಷ್ಟು ಮಂದಿ? ಕಂಠದಲ್ಲಿಯೂ ಇಲ್ಲ, ಕಾಗದದಲ್ಲಿಯೂ ಇಲ್ಲ ಎಂದಾದರೆ ಆ ವಿದ್ಯೆ ಇರುವುದೆಲ್ಲಿ?

ಎರಡನೆಯದು ನವೀನರ ಪಕ್ಷ. ಎಲ್ಲವೂ ಫೋನಿನಲ್ಲಿರುವಾಗ ಬರೆಯುವ ಶ್ರಮವೇಕೆ? ಬೇಕಾದ ಪುಟದ ಚಿತ್ರ ತೆಗೆದಿಟ್ಟುಕೊಂಡರಾಯಿತು, ಮಿತ್ರರಿಗೆ ರವಾನಿಸಿದರಾಯಿತು, ಬೇಕಾದಾಗ ಹುಡುಕಿಕೊಂಡರಾಯಿತು, ಎಂದು ಇವರು ಹೇಳುವರು. ಹುಡುಕುವುದಕ್ಕೆ ಆ ಯಂತ್ರವು ಅತ್ಯುತ್ತಮ ಸಾಧನವೆಂಬುದನ್ನು ಅಲ್ಲಗಳೆಯುವುದು ಮೌಢ್ಯ. ಮೈಸೂರಿಗೋ ಬೆಂಗಳೂರಿಗೋ ಹೋಗಿ ನೋಡಬೇಕಾಗಿದ್ದ ಗ್ರಂಥವು ಇಂದು ಹಾನಬಾಳಿನ ಮನೆಯಲ್ಲಿಯೇ ದೊರೆಯುವುದಾದರೆ ಅದು ಸಂತೋಷದ ಸಂಗತಿಯೇ. ಆದರೆ ದೊರೆಯುವುದು ಬೇರೆ, ದಕ್ಕುವುದು ಬೇರೆ. ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆಯು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳನ್ನು ಕಲಾಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರಿದೆ ನೋಡುವಂತೆಯೂ ಕೆಲವುಗಳ ಚಿತ್ರ ತೆಗೆಯುವಂತೆಯೂ ಹೇಳಿದಳು. ಮರುದಿನ ಪರೀಕ್ಷಿಸಲಾಗಿ, ಚಿತ್ರ ತೆಗೆದ ವಸ್ತುಗಳು ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿನಲ್ಲಿದ್ದುವು. ಆದರೆ ವಸ್ತುವಿನ ಯಾವುದಾದರೊಂದು ಭಾಗವನ್ನು ಮಾತ್ರ ಹಿಗ್ಗಿಸಿ ಚಿತ್ರ ತೆಗೆದಾಗ ಈ ನಷ್ಟವು ಕಾಣಲಿಲ್ಲ. ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಇದನ್ನು ಯಂತ್ರವು ನೋಡಿಕೊಳ್ಳುವುದೆಂದು ಮನಸ್ಸು ನಂಬಿದ ಕೂಡಲೆ ಕೈಬಿಡುವುದು. ಇದರಲ್ಲಿ ಯಾವ ಭಾಗ ಬೇಕೆಂದು ಆರಿಸಬೇಕಾದಾಗ ಮಾತ್ರ ಎಚ್ಚರದಿಂದಿರುವುದು.

ಲೇಖನಿಯಲ್ಲಿ ಯಾವುದೋ ಮಂತ್ರಶಕ್ತಿಯಿದೆಯೆಂದು ಇದರಿಂದ ತಿಳಿಯಬಾರದು. ೨೦೧೪ರಲ್ಲಿಯೇ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬಿಬ್ಬರು, ಉಪನ್ಯಾಸವನ್ನು ಕೈಯಿಂದ ಬರೆದುಕೊಂಡವರು ಗಣಕದಲ್ಲಿ ಅಚ್ಚೊತ್ತಿಕೊಂಡವರಿಗಿಂತ ಅರ್ಥವಿಚಾರದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರೆಂದು ಪ್ರಕಟಿಸಿದರು. ೨೦೧೯ರಲ್ಲಿ ಬೇರೆ ಸಂಶೋಧಕರು ಅದನ್ನೇ ಮರಳಿ ಮಾಡಿ ನೋಡಿದಾಗ ಆ ವ್ಯತ್ಯಾಸವು ಅಷ್ಟು ದೃಢವಾಗಿ ಕಾಣಲಿಲ್ಲ. ಆದುದರಿಂದ ಈ ವಾದವನ್ನು ಲೇಖನಿಯ ಮೇಲೆ ನಿಲ್ಲಿಸುವುದು ಸರಿಯಲ್ಲ. ಗಣಕದಲ್ಲಿ ಬರೆದವರು ಮಾತನ್ನು ಪದಶಃ ಇಳಿಸಿಕೊಳ್ಳುವ ಕಡೆಗೆ ವಾಲಿದ್ದರೆಂಬುದೇ ಮೊದಲಿನವರು ಕೊಟ್ಟ ಕಾರಣವಾಗಿತ್ತು. ಕೈಯಿಂದ ಬರೆಯುವವನೂ ಹಾಗೆಯೇ ಪದಶಃ ನಕಲು ಮಾಡಿದರೆ ಅವನಿಗೂ ಅದೇ ಗತಿ. ಆರಿಸುವುದು, ಸಂಗ್ರಹಿಸುವುದು, ಪ್ರಶ್ನಿಸುವುದು, ಈ ಮೂರರಲ್ಲಿಯೇ ಫಲವಿರುವುದು. ಕೈಬರಹವು ನಿಧಾನವಾದುದರಿಂದ ಈ ಮೂರಕ್ಕೂ ಮನುಷ್ಯನನ್ನು ಎಳೆದು ತರುವುದು. ಅದರ ಗುಣವಿರುವುದು ಅಷ್ಟೇ.

ನಕಲಿನ ಮಾತು ಬಂದುದರಿಂದ ಶಾಲೆಗಳ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಕನ್ನಡದಲ್ಲಿ ‘ನೋಟ್ಸು’ ಎಂಬ ಶಬ್ದವು ಯಾವ ಕ್ರಿಯಾಪದದೊಡನೆ ಸೇರುವುದೆಂಬುದನ್ನು ವಾಚಕರು ಗಮನಿಸಬೇಕು. ಮೇಷ್ಟರು ನೋಟ್ಸು ಕೊಡುವರು. ಹುಡುಗರು ನೋಟ್ಸು ಇಳಿಸಿಕೊಳ್ಳುವರು. ಶಾಲೆಗೆ ಬಾರದವನು ನೋಟ್ಸು ಎರವಲು ತರುವನು. ಅಂಗಡಿಯಲ್ಲಿ ನೋಟ್ಸು ಮಾರುವರು. ಓದಿದವನು ತಾನೇ ತಯಾರಿಸತಕ್ಕ ವಸ್ತುವು ಹೊರಗಿನಿಂದ ಸರಬರಾಜಾಗುವ ಸರಕಾಗಿದೆ. ಮತ್ತೊಬ್ಬನು ಅಗಿದ ಅನ್ನವನ್ನುಣ್ಣುವುದು ಹಸುಳೆಗೆ ಯೋಗ್ಯ. ಹದಿನೆಂಟು ವರ್ಷದವನಿಗೆ ಯೋಗ್ಯವೆ? ಹತ್ತು ಹದಿನೈದು ವರ್ಷ ಹೀಗೆ ಇಳಿಸಿಕೊಂಡವನು ಶಾಲೆ ಬಿಟ್ಟ ದಿನವೇ ಪುಸ್ತಕವನ್ನು ಎಸೆದು, ಇನ್ನು ಬರೆಯುವ ಪೀಡೆ ತಪ್ಪಿತೆಂದು ನಿಟ್ಟುಸಿರು ಬಿಡುವುದರಲ್ಲಿ ಆಶ್ಚರ್ಯವಿಲ್ಲ. ಟಿಪ್ಪಣಿಯೆಂಬುದು ಸ್ವಾತಂತ್ರ್ಯದ ಚಿಹ್ನೆಯೆಂದು ಅವನಿಗೆ ಯಾರೂ ತೋರಿಸಿಕೊಡಲಿಲ್ಲ. ಶಿಕ್ಷೆಯೆಂದೇ ಅವನು ಅದನ್ನು ಬಲ್ಲನು. ಈ ದೋಷವು ಒಂದು ಶಾಲೆಯದಲ್ಲ, ಒಬ್ಬ ಉಪಾಧ್ಯಾಯನದಲ್ಲ. ಪರೀಕ್ಷೆಯ ಅಂಕವನ್ನೇ ಓದಿನ ಲೆಕ್ಕವೆಂದು ಭ್ರಮಿಸಿದ ಸಮಾಜದ್ದು. ಅಂಕವು ಪರರು ಇಡುವ ಲೆಕ್ಕ. ತನ್ನ ಲೆಕ್ಕವನ್ನು ತಾನಿಡಲರಿಯದವನು ಎಷ್ಟು ಅಂಕ ಪಡೆದರೂ ಬಾಲಕನೇ.

ಮೂರನೆಯದು ರಸಿಕರ ಪಕ್ಷ. ಕಾವ್ಯ ಕಾದಂಬರಿಗಳನ್ನು ಓದುವಾಗ ಪಕ್ಕದಲ್ಲಿ ಕಾಗದವನ್ನಿಟ್ಟುಕೊಂಡು ಬರೆಯುತ್ತ ಕುಳಿತರೆ ರಸಭಂಗವಾಗದೆ? ಹೂವಿನ ಎಸಳನ್ನೆಣಿಸುವವನಿಗೆ ಪರಿಮಳ ಸಿಕ್ಕೀತೆ? ಎಂದು ಇವರು ಕೇಳುವರು. ಇದಕ್ಕೆ ಉತ್ತರವು ಅಂಗಳದ ಮಳೆಪಾತ್ರೆಯಲ್ಲಿಯೇ ಇದೆ. ಮಳೆ ಸುರಿಯುತ್ತಿರುವಾಗ ಕೊಡೆ ಹಿಡಿದು ಹೊರಗೆ ಹೋಗಿ ಗಳಿಗೆಗೊಮ್ಮೆ ಅಳೆಯುವವನು ಯಾರೂ ಇಲ್ಲ. ರಾತ್ರಿಯೆಲ್ಲ ಹೆಂಚಿನ ಮೇಲೆ ಬೀಳುವ ಸದ್ದನ್ನು ಕೇಳುತ್ತ ಸುಖವಾಗಿ ನಿದ್ರಿಸಿ, ಬೆಳಗಾದ ಮೇಲೆ ಅಳೆಯುವರು. ಕಾವ್ಯಕ್ಕೂ ಇದೇ ವಿಧಿ. ಓದುವಾಗ ಓದಬೇಕು, ಪುಸ್ತಕವನ್ನು ಮುಚ್ಚಿ ಒಂದು ರಾತ್ರಿ ಕಳೆದ ಬಳಿಕ ಪಾತ್ರೆಯಲ್ಲಿ ನಿಂತುದು ಎಷ್ಟೆಂದು ನೋಡಬೇಕು. ಮರುದಿನದವರೆಗೆ ಏನೂ ನಿಲ್ಲದಿದ್ದರೆ ಅದೂ ಒಂದು ಲೆಕ್ಕವೇ. ಮಳೆಯಿಲ್ಲದ ದಿನದ ಎದುರಿಗೆ ಸೊನ್ನೆಯನ್ನು ಬರೆಯುವುದಿಲ್ಲವೆ? ರಸಿಕರು ಹೆದರುವುದು ರಸಭಂಗಕ್ಕಲ್ಲ, ಈ ಸೊನ್ನೆಗೆ ಎಂದು ಯಾರಾದರೂ ಸಂಶಯಪಟ್ಟರೆ ಅವರನ್ನು ಆಕ್ಷೇಪಿಸುವುದು ಕಷ್ಟ.

ನಾಲ್ಕನೆಯದು ಕಾಲವಿಲ್ಲವೆನ್ನುವವರ ಪಕ್ಷ. ತೋಟದ ಆಳುಕಾಳು, ಬ್ಯಾಂಕಿನ ಸಾಲ, ಕಾಂಡಕೊರಕದ ಹುಳು, ಕಾಡಾನೆಗಳ ಕಾಟ, ಮಕ್ಕಳ ವಿದ್ಯಾಭ್ಯಾಸ, ಇವುಗಳ ನಡುವೆ ಬರೆಯಲು ಬಿಡುವೆಲ್ಲಿ ಎಂದು ಇವರು ಕೇಳುವರು. ಈ ಕಷ್ಟಗಳು ಕಲ್ಪಿತವಲ್ಲ. ಆ ಬೆಟ್ಟಗಳಲ್ಲಿ ಬಾಳುವವರನ್ನು ಕಂಡವರಾರೂ ಅವನ್ನು ಹಗುರವಾಗಿ ಕಾಣರು. ಆದರೆ ಇಷ್ಟೆಲ್ಲ ಕಷ್ಟಗಳಿರುವಾಗಲೂ ಮಳೆಯ ಪುಸ್ತಕವು ನಿಲ್ಲುವುದಿಲ್ಲ. ಅದಕ್ಕೆ ಬೇಕಾಗುವುದು ದಿನಕ್ಕೆ ಎರಡು ನಿಮಿಷ. ಓದಿನ ಪುಸ್ತಕಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಕಾಲವು ಇಲ್ಲದೆ ಅಲ್ಲ, ಒಂದರಿಂದ ಲಾಭನಷ್ಟವುಂಟು, ಇನ್ನೊಂದರಿಂದ ಇಲ್ಲವೆಂಬ ಭಾವನೆಯಿಂದ ಅದು ತಪ್ಪುತ್ತಿದೆ.

ಈ ಭಾವನೆಯು ತಪ್ಪೆಂಬುದಕ್ಕೆ ದೂರ ಹೋಗಿ ನಿದರ್ಶನ ಹುಡುಕಬೇಕಾಗಿಲ್ಲ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರವು ಇದೇ ಜಿಲ್ಲೆಯದು. ೧೩ನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿದ್ದ ಮಲ್ಲಿಕಾರ್ಜುನನು, ತಾನು ಓದಿದ ಕನ್ನಡ ಕಾವ್ಯಗಳಿಂದ ಪದ್ಯಗಳನ್ನು ಆಯ್ದು, ವರ್ಣನೆಯ ವಿಷಯಗಳ ಕ್ರಮದಲ್ಲಿ ಜೋಡಿಸಿ, ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದನು. ಅವನ ಮಗನಾದ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿ, ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಕೊಟ್ಟನು. ತಂದೆಯು ಸೊಗಸಿಗಾಗಿ ಆಯ್ದನು; ಮಗನು ಶಬ್ದಸಾಧುತ್ವಕ್ಕಾಗಿ ಆಯ್ದನು; ಇಬ್ಬರೂ ಮಾಡಿದುದು ಓದಿನ ಲೆಕ್ಕವನ್ನೇ. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇಂದು ಇಡಿಯಾಗಿ ದೊರೆಯವು. ಅವುಗಳ ಕೆಲವು ತುಣುಕುಗಳು ತಿಳಿದಿರುವುದು ಇಂಥ ಸಂಕಲನ ಲಕ್ಷಣಗ್ರಂಥಗಳಿಂದಲೇ. ಮೂಲವು ಹುಳು ತಿಂದು ಹೋಯಿತು. ಓದಿದವನ ಪುಸ್ತಕದಲ್ಲಿದ್ದುದು ಉಳಿಯಿತು. ಇದಕ್ಕಿಂತ ದೊಡ್ಡ ಲಾಭವನ್ನು ಯಾವ ಓದುಗನು ಬಯಸಬಲ್ಲನು? ಆದರೆ ಮಲ್ಲಿಕಾರ್ಜುನನ ಸಂಕಲನದಲ್ಲಿ ಅನೇಕ ಪದ್ಯಗಳ ಕರ್ತೃ ಯಾರೆಂಬುದನ್ನು ವಿದ್ವಾಂಸರು ಬೇರೆ ಗ್ರಂಥಗಳ ನೆರವಿನಿಂದ ಹುಡುಕಬೇಕಾಯಿತು. ಎಲ್ಲಿಂದ ತೆಗೆದುಕೊಂಡುದೆಂದು ಬರೆಯುವ ಒಂದು ಪಂಕ್ತಿಯು ಮುಂದಿನವರಿಗೆ ಎಷ್ಟು ಶ್ರಮವನ್ನು ಉಳಿಸುವುದೆಂಬುದಕ್ಕೂ ಅದೇ ನಿದರ್ಶನ.

ಹಲ್ಮಿಡಿಯ ಕಥೆಯೂ ಇಲ್ಲಿ ಸ್ಮರಣೀಯ. ಬೇಲೂರು ತಾಲ್ಲೂಕಿನ ಆ ಗ್ರಾಮದಲ್ಲಿ ವೀರಭದ್ರ ದೇವಾಲಯದ ಮುಂದೆ ೧೬ ಪಂಕ್ತಿಗಳ ಶಿಲಾಶಾಸನವೊಂದಿದ್ದಿತು. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೨ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅದು ಸೇರಿರಲಿಲ್ಲ. ೧೯೩೬ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರು ಅದನ್ನು ಓದಿ ವರದಿಯಲ್ಲಿ ಬೆಳಕಿಗೆ ತಂದಾಗ, ಕನ್ನಡ ಶಾಸನಗಳ ಚರಿತ್ರೆಯೇ ಹಿಂದಕ್ಕೆ ಸರಿಯಿತು. ಅಲ್ಲಿಯವರೆಗೆ ಆ ಕಲ್ಲನ್ನು ನೋಡಿದವರಿಲ್ಲವೆ? ಆ ದಾರಿಯಲ್ಲಿ ಹೋದವರೆಲ್ಲರೂ ನೋಡಿರಬೇಕು. ನೋಡಿದವರಿಂದ ಜ್ಞಾನವು ಹುಟ್ಟಲಿಲ್ಲ. ಪ್ರತಿ ಮಾಡಿಕೊಂಡು ವಿಚಾರಿಸಿದವನಿಂದ ಹುಟ್ಟಿತು. ಸಕಲೇಶಪುರದ ಸೀಮೆಗೇ ಬಂದರೆ, ಮಂಜರಾಬಾದಿನಲ್ಲಿ ತೋಟ ಮಾಡಿಕೊಂಡಿದ್ದ ಆರ್. ಎಚ್. ಎಲಿಯಟ್ ಎಂಬ ಆಂಗ್ಲ ಬೆಳೆಗಾರನು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ತನ್ನ ಅನುಭವಗಳ ಗ್ರಂಥಗಳನ್ನು ಪ್ರಕಟಿಸಿದನು. ನೆರಳಿನ ಮರ, ಗೊಬ್ಬರಗಳ ವಿಷಯದಲ್ಲಿ ಈ ಬೆಟ್ಟಗಳ ಅನುಭವವು ಲೋಕಕ್ಕೆ ತಿಳಿದುದು ಹಾಗೆ. ಅವನ ಸುತ್ತಮುತ್ತ ಇದ್ದ ಸ್ಥಳೀಯ ಕೃಷಿಕರಿಗೆ ಮರಗಿಡಗಳ ಜ್ಞಾನವು ಅವನಿಗಿಂತ ಹೆಚ್ಚಾಗಿಯೇ ಇದ್ದಿರಬೇಕು. ಬರೆದವನ ಹೆಸರು ಮಾತ್ರ ಉಳಿಯಿತು. ಪರದೇಶದವನು ಕೀರ್ತಿಯನ್ನು ಕೊಂಡೊಯ್ದನೆಂದು ಕೋಪಿಸುವುದಕ್ಕೆ ಮೊದಲು, ಅವನು ಬರೆಯುತ್ತಿದ್ದಾಗ ಇತರರ ಕೈಯಲ್ಲಿ ಏನಿತ್ತೆಂದು ಕೇಳಿಕೊಳ್ಳುವುದು ಮೇಲು.

ಹಾಗಾದರೆ ಕಂಡುದನ್ನೆಲ್ಲ ಬರೆದು ರಾಶಿ ಹಾಕಬೇಕೆ? ಅದೂ ಒಂದು ವ್ಯಾಧಿಯೇ. ರೋಮ್ ದೇಶದ ಹಿರಿಯ ಪ್ಲಿನಿಯು ಊಟದ ವೇಳೆಯಲ್ಲಿಯೂ ಪುಸ್ತಕ ಓದಿಸಿ ಕೇಳಿ ಟಿಪ್ಪಣಿ ಮಾಡುತ್ತಿದ್ದನೆಂದೂ, ಸೂಕ್ಷ್ಮಾಕ್ಷರಗಳಲ್ಲಿ ಎರಡು ಮಗ್ಗುಲಿಗೂ ಬರೆದ ೧೬೦ ಟಿಪ್ಪಣಿ ಪುಸ್ತಕಗಳನ್ನು ಬಿಟ್ಟುಹೋದನೆಂದೂ ಅವನ ಸೋದರಳಿಯನು ಬರೆದಿರುವನು. ಆ ಪರಿಶ್ರಮದ ಫಲವಾದ ನಿಸರ್ಗಚರಿತ್ರೆಯಲ್ಲಿ ಅಮೂಲ್ಯ ಸಂಗತಿಗಳ ಜೊತೆಗೆ, ತಲೆಯಿಲ್ಲದೆ ಎದೆಯಲ್ಲಿ ಕಣ್ಣುಳ್ಳ ಜನರ ವೃತ್ತಾಂತವೂ ಸೇರಿಕೊಂಡಿದೆ. ಆಯ್ಕೆಯೂ ಸಂದೇಹವೂ ಇಲ್ಲದ ಟಿಪ್ಪಣಿಗೆ ಇದೇ ಗತಿ.

ಟಿಪ್ಪಣಿಯು ಹೇಗಿರಬೇಕೆಂಬುದಕ್ಕೆ ವ್ಯಾಕರಣಶಾಸ್ತ್ರದಲ್ಲಿಯೇ ಮಾರ್ಗವಿದೆ. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕವನ್ನು ಬರೆದನು. ಉಕ್ತ, ಅನುಕ್ತ, ದುರುಕ್ತ ಎಂಬ ಮೂರರ ವಿಚಾರವೇ ವಾರ್ತಿಕದ ಲಕ್ಷಣವೆಂದು ಶಾಸ್ತ್ರಜ್ಞರು ಹೇಳುವರು. ಮೂಲದಲ್ಲಿ ಹೇಳಿದುದು, ಹೇಳದೆ ಬಿಟ್ಟುದು, ತಪ್ಪಾಗಿ ಹೇಳಿದುದು ಎಂದರ್ಥ. ಸಾಮಾನ್ಯ ಗೃಹಸ್ಥನ ಪುಸ್ತಕಕ್ಕೂ ಈ ಮೂರೇ ಅಂಕಣಗಳು ಸಾಕು. ತಲೆಯ ಮೇಲೆ ತಾರೀಖು, ಗ್ರಂಥ, ಪುಟ. ಮೊದಲನೆಯದರಲ್ಲಿ ಗ್ರಂಥದ ಸಾರವು ಸ್ವಂತ ಮಾತಿನ ಮೂರು ನಾಲ್ಕು ವಾಕ್ಯಗಳಲ್ಲಿ. ಎರಡನೆಯದರಲ್ಲಿ ಗ್ರಂಥಕರ್ತನಿಗೆ ತಿಳಿಯದೆ ಓದುಗನಿಗೆ ತಿಳಿದಿರುವುದು: ಹೂಮಳೆಯಾದ ಎಂಟು ಹತ್ತು ದಿನಗಳಿಗೆ ಕಾಫಿ ಅರಳುವುದೆಂದು ಪುಸ್ತಕ ಹೇಳಿದರೆ, ತನ್ನ ಗುಡ್ಡದ ಇಳಿಜಾರಿನಲ್ಲಿ ಅದು ಎಷ್ಟನೆಯ ದಿನವೆಂಬುದು. ಮೂರನೆಯದರಲ್ಲಿ ಸಂದೇಹ: ಮಂಜಿನ ಊರಾದುದರಿಂದ ಮಂಜರಾಬಾದೆಂಬ ಹೆಸರು ಬಂದಿತೆಂದು ಓದಿದವನು, ‘ಮಂಜು’ ‘ಆಬಾದು’ಗಳ ನಡುವೆ ರಕಾರವು ಎಲ್ಲಿಂದ ನುಸುಳಿತೆಂದು ಕೇಳಿಕೊಳ್ಳಬೇಕು. ಉತ್ತರವು ಇಂದೇ ದೊರೆಯಬೇಕೆಂಬ ನಿರ್ಬಂಧವಿಲ್ಲ. ಪ್ರಶ್ನೆಯನ್ನು ಬರೆದಿಟ್ಟವನಿಗೆ ಹತ್ತು ವರ್ಷದ ಮೇಲೆ ಉತ್ತರವು ಎದುರಾದರೂ ಗುರುತು ಸಿಕ್ಕುವುದು. ಬರೆಯದವನ ಮುಂದೆಯೇ ಅದು ಹಾದುಹೋದರೂ ತಿಳಿಯದು.

ಈ ಪದ್ಧತಿಯು ಮನೆಗಳಿಂದ ಪೂರಾ ಹೋಗಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಅದನ್ನು ಉಳಿಸಿಕೊಂಡವರು ಸ್ತ್ರೀಯರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉಪ್ಪಿನಕಾಯಿಯ ಹದ, ಬಾಣಂತಿಯ ಮದ್ದು, ಇವುಗಳನ್ನು ಬರೆದ ಪುಸ್ತಕವು ಅಡಿಗೆಮನೆಯ ಗೂಡಿನಲ್ಲಿ ಇಂದಿಗೂ ಸಿಕ್ಕುವುದುಂಟು. ಇಂಥವರ ಮನೆಯ ಅತ್ತೆಯಿಂದ ಕಲಿತುದೆಂದು ಮೂಲವನ್ನೂ, ಈ ಅಳತೆಗೆ ಉಪ್ಪು ಹೆಚ್ಚಾಯಿತೆಂದು ದುರುಕ್ತವನ್ನೂ ಅದರಲ್ಲಿ ಗುರುತಿಸಿರುವರು. ಕಾತ್ಯಾಯನನ ಹೆಸರು ಕೇಳದವರು ಅವನ ಮಾರ್ಗದಲ್ಲಿ ನಡೆದಿರುವರು. ಹೆಸರು ಕೇಳಿದ ಪುರುಷರು ಆ ಪುಸ್ತಕಗಳನ್ನು ಕಂಡು ನಗುವರು.

ಇನ್ನು ಕೊನೆಯ ಮಾತು ನಷ್ಟದ ವಿಷಯ. ಪೂರ್ವದಲ್ಲಿ ಕರ್ನಾಟಕದಲ್ಲಿ ಕಡತವೆಂಬ ಸಾಧನವಿದ್ದಿತು. ಬಟ್ಟೆಗೆ ಹುಣಿಸೆಬ್ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮರಳಿ ಬರೆಯಬಹುದಾಗಿತ್ತು. ಅಷ್ಟು ಸುಲಭವಾಗಿ ಅಳಿಯತಕ್ಕ ಬರಹವಾದರೂ, ಜೋಪಾನ ಮಾಡಿದವರಿದ್ದುದರಿಂದ ಶೃಂಗೇರಿ ಮಠದ ಕಡತಗಳು ಉಳಿದು ಚರಿತ್ರಕಾರರಿಗೆ ಆಧಾರವಾಗಿವೆ. ಕಡತವೆಂಬ ಶಬ್ದವು ಇಂದು ಸರ್ಕಾರಿ ಕಛೇರಿಯ ಕಾಗದದ ಕಟ್ಟಿಗೆ ಮಾತ್ರ ಉಳಿದಿದೆ, ಮನೆಗೆ ಕಡತವಿಲ್ಲ. ಇರುವ ಅಲ್ಪಸ್ವಲ್ಪವೂ ಏನಾಗುತ್ತಿದೆ? ಹಿರಿಯರೊಬ್ಬರು ತೀರಿಕೊಂಡರೆ, ಮನೆಯು ಪಾಲಾದರೆ, ತೋಟವು ಮಾರಾಟವಾದರೆ, ಮಕ್ಕಳು ಬೆಂಗಳೂರಿಗೆ ಹೊರಟರೆ, ಪಾತ್ರೆಪರಟೆಗಳಿಗೆ ಪಟ್ಟಿಯಾಗುವುದು; ನಲವತ್ತು ವರ್ಷದ ಮಳೆಯ ಪುಸ್ತಕಗಳು, ದಿನಚರಿಗಳು, ಓದಿನ ಟಿಪ್ಪಣಿಗಳು ಹಳೆಯ ಪತ್ರಿಕೆಗಳೊಡನೆ ತಕ್ಕಡಿಗೆ ಏರುವುವು. ಚಿನ್ನವನ್ನು ಗುಂಜಿಯಲ್ಲಿ ತೂಗುವ ಜನರು ತಮ್ಮ ಹಿರಿಯರ ಬುದ್ಧಿಯನ್ನು ಕಿಲೋಗ್ರಾಮಿನಲ್ಲಿ ತೂಗಿ ಕೊಡುವರು. ಮಳೆಗಾಲದ ಶೀತವೂ ಬೂಷ್ಟೂ ಬೆಳ್ಳಿಮೀನಿನ ಹುಳುವೂ ಮಾಡುವ ಹಾನಿಯನ್ನು ಒಣ ಬಜೆಯ ತುಂಡಿನಿಂದಲೋ ಒಲೆಯ ಬಿಸಿ ತಾಗುವ ಅಟ್ಟದಿಂದಲೋ ತಡೆಯಬಹುದು. ಈ ಉದಾಸೀನವೆಂಬ ಹುಳಕ್ಕೆ ಯಾವ ಬಜೆಯೂ ಇಲ್ಲ.

ಆದಕಾರಣ ಮಾಡತಕ್ಕ ಕಾರ್ಯಗಳು ಎರಡು. ತಾಲ್ಲೂಕಿನ ಸಾಹಿತ್ಯ ಸಂಘಗಳು ಸನ್ಮಾನ ಮೆರವಣಿಗೆಗಳಿಗೆ ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ, ಇಂಥ ಹಳೆಯ ಪುಸ್ತಕಗಳನ್ನು ಕೇಳಿ ಪಡೆದು, ಪ್ರತಿ ಮಾಡಿಸಿ, ಮೂಲವನ್ನು ಮನೆಯವರಿಗೇ ಹಿಂದಿರುಗಿಸತಕ್ಕುದು. ಚಿತ್ರ ತೆಗೆಯುವ ಫೋನು ಸಾರ್ಥಕವಾಗಿ ಉಪಯೋಗವಾಗುವ ಸ್ಥಳವು ಇದು. ಎರಡನೆಯದು ಪ್ರತಿಯೊಂದು ಮನೆಯ ಕರ್ತವ್ಯ. ಬರುವ ಮುಂಗಾರಿಗೆ ಮಳೆಯ ಪುಸ್ತಕವನ್ನು ಕೊಳ್ಳುವಾಗ ಅದರ ಜೊತೆಗೆ ಇನ್ನೊಂದನ್ನು ಕೊಳ್ಳುವುದು. ನೀರು ತಾಗಿದರೆ ಹರಡದ ಸೀಸದ ಕಡ್ಡಿಯಿಂದ ಅದರಲ್ಲಿ ಬರೆಯುವುದು. ಮನೆಯಲ್ಲಿ ಓದಬಲ್ಲವರೆಲ್ಲರೂ, ಹೆಂಗಸರೂ ಮಕ್ಕಳೂ ಸಹ, ಒಂದೇ ಪುಸ್ತಕದಲ್ಲಿ ತಮ್ಮ ತಮ್ಮ ಹೆಸರು ಹಾಕಿ ಬರೆಯುವುದು. ವರ್ಷಾಂತ್ಯದಲ್ಲಿ ಯಜಮಾನನು ಮಳೆಯ ಮೊತ್ತವನ್ನು ಕೂಡಿಸುವ ದಿವಸ ಇದನ್ನೂ ತೆರೆದು ಓದಲಿ. ಅದರಲ್ಲಿ ಹತ್ತೇ ಪುಟ ತುಂಬಿದ್ದರೂ ಚಿಂತೆಯಿಲ್ಲ. ಆ ವರ್ಷ ಮನೆಯೊಳಗೆ ಬಿದ್ದುದೆಷ್ಟು, ಇಂಗಿದುದೆಷ್ಟು ಎಂಬುದು ಆ ಮನೆಯವರಿಗೆ ಮೊದಲನೆಯ ಸಲ ತಿಳಿದುಬರುವುದು.